ತತ್ತಿಯೊಳಗಿನ ಮಡಿಕೆಗಳು: ಕೋಶಪಂಜರವನ್ನು ನಿಯಂತ್ರಿಸುವ ಪ್ರೋಟೀನುಗಳು ಭ್ರೂಣಕ್ಕೆ ರೂಪ ಕೊಡುವುದನ್ನು ಹೆಜ್ಜೆ ಹೆಜ್ಜೆಯಾಗಿ ಅರಿಯುವ ಮಾರ್ಗದರ್ಶಿ

ಬಾಗಲಕೋಟೆ ಜಿಲ್ಲೆಯ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಕಲಿಸುವಾಗ ನಾನು ಮತ್ತೆ ಮತ್ತೆ ಕಂಡ ಒಂದು ಸಂಗತಿಯಿಂದ ಈ ಬರಹ ಹುಟ್ಟಿದೆ. ರೋ, ರ‍್ಯಾಕ್, ಸಿಡಿಸಿ42 ಎಂಬ ಹೆಸರುಗಳನ್ನು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಮೂವತ್ತು ತಾಸಿನ ಕೋಳಿ ಭ್ರೂಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಈ ಪ್ರೋಟೀನುಗಳು ಇದರಲ್ಲಿ ಎಲ್ಲಿ, ಯಾವ ಕೆಲಸದಲ್ಲಿ ತೊಡಗಿವೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಹೆಸರಿನಿಂದ ಶುರು ಮಾಡಿ ರೂಪದ ಕಡೆಗೆ ಬರುವ ಪಾಠಕ್ರಮವೇ ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಕ್ರಮವನ್ನು ತಿರುವಿದ್ದೇನೆ. ಮೊದಲು ಭ್ರೂಣದ ಆಕಾರ ಎಲ್ಲಿ ಬದಲಾಯಿತು ಎಂದು ಕಣ್ಣಾರೆ ನೋಡುವುದು, ಆಮೇಲೆ ಅಲ್ಲಿನ ಜೀವಕೋಶಗಳ ಆಕಾರ ಹೇಗೆ ಬದಲಾಗಿರಬೇಕು ಎಂದು ಊಹಿಸುವುದು, ಅದರ ನಂತರ ಯಾವ ತಂತು ಎಳೆಯಿತು ಅಥವಾ ತಳ್ಳಿತು ಎಂದು ಕೇಳುವುದು, ಕಟ್ಟಕಡೆಗೆ ಆ ತಂತುವಿಗೆ ಅಪ್ಪಣೆ ಕೊಟ್ಟ ಪ್ರೋಟೀನ್ ಯಾವುದೆಂದು ಹುಡುಕುವುದು.

ಸಾಮಾನ್ಯ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಇರುವಷ್ಟು ಸಲಕರಣೆಗಳಿಂದಲೇ ಮೊದಲ ಎರಡು ಹೆಜ್ಜೆಗಳನ್ನು ಇಡಬಹುದು. ಉಳಿದ ಎರಡಕ್ಕೆ ಈಗಾಗಲೇ ನಡೆದಿರುವ ಸಂಶೋಧನೆಗಳನ್ನು ಸರಿಯಾಗಿ ಓದುವ ಅಭ್ಯಾಸ ಬೇಕು.

ಆರಂಭಕ್ಕೆ ಬೇಕಾದಷ್ಟು ತಿಳಿವಳಿಕೆ

ಪ್ರತಿ ಜೀವಕೋಶದೊಳಗೆ ಮೂರು ಬಗೆಯ ತಂತುಗಳು ಸೇರಿ ಕೋಶಪಂಜರವಾಗಿರುತ್ತದೆ. ಸುಮಾರು 7 ನ್ಯಾನೋಮೀಟರ್ ದಪ್ಪದ ಆ್ಯಕ್ಟಿನ್ ತಂತುಗಳು ಹೆಚ್ಚಾಗಿ ಕೋಶದ ಹೊರ ಅಂಚಿನ ಒಳಮೈಗೆ ಹತ್ತಿಕೊಂಡಿರುತ್ತವೆ. ಸುಮಾರು 25 ನ್ಯಾನೋಮೀಟರಿನ ಟೊಳ್ಳಾದ ಮೈಕ್ರೋಟ್ಯೂಬ್ಯೂಲುಗಳು ಸಾಗಾಣಿಕೆಯ ಹಾದಿಗಳಾಗಿ, ಕೋಶ ವಿಭಜನೆಯ ವೇಳೆ ಕದಿರಾಗಿ ಕೆಲಸ ಮಾಡುತ್ತವೆ. ಸುಮಾರು 10 ನ್ಯಾನೋಮೀಟರಿನ ಮಧ್ಯಮ ತಂತುಗಳು ಕೋಶಕ್ಕೆ ಬಿಗಿ ಕೊಡುತ್ತವೆ. ಆ್ಯಕ್ಟಿನ್ ತಂತುಗಳನ್ನು ಹಿಡಿದು ಎಳೆಯುವ ಯಂತ್ರ ಮಯೋಸಿನ್.

ತಂತುಗಳು ಎಲ್ಲ ಕೋಶಗಳಲ್ಲಿಯೂ ಇರುವುದರಿಂದ ರೂಪದ ವ್ಯತ್ಯಾಸಕ್ಕೆ ಅವು ತಾವಾಗಿಯೇ ಕಾರಣವಾಗಲಾರವು. ಇಳಕಲ್ಲಿನ ಮಗ್ಗದ ಮುಂದೆ ಕುಳಿತವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಹಾಸು, ಹೊಕ್ಕು ಅವೇ ಇದ್ದರೂ ಯಾವ ಎಳೆ ಯಾವ ಗಳಿಗೆಯಲ್ಲಿ ಮೇಲೇಳುತ್ತದೆ ಎಂಬುದರ ಮೇಲೆ ದಡಿಯ ವಿನ್ಯಾಸ ನಿಂತಿರುತ್ತದೆ. ಭ್ರೂಣದಲ್ಲಿ ಆ ಏಳುಬೀಳನ್ನು ತೀರ್ಮಾನಿಸುವವು ನಿಯಂತ್ರಕ ಪ್ರೋಟೀನುಗಳು. ಆದರೆ ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಮಗ್ಗದ ನೂಲು ಒಮ್ಮೆ ನೇಯ್ದರೆ ಅಲ್ಲೇ ಉಳಿಯುತ್ತದೆ, ಕೋಶದ ಆ್ಯಕ್ಟಿನ್ ತಂತು ಒಂದು ತುದಿಯಲ್ಲಿ ಕಟ್ಟಿಕೊಳ್ಳುತ್ತ ಇನ್ನೊಂದು ತುದಿಯಲ್ಲಿ ಬಿಚ್ಚಿಕೊಳ್ಳುತ್ತ ಸದಾ ಬದಲಾಗುತ್ತಿರುತ್ತದೆ. ಫಾರ್ಮಿನ್‌ಗಳು ಉದ್ದನೆಯ ನೇರ ತಂತುಗಳನ್ನು ಬೆಳೆಸುತ್ತವೆ, ಎಆರ್‌ಪಿ2/3 ಸಂಕೀರ್ಣವು ಹಳೆಯ ತಂತುವಿನ ಮೈಮೇಲೆ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಒಡೆಸುತ್ತದೆ, ಕೋಫಿಲಿನ್ ಹಳೆಯ ತಂತುಗಳನ್ನು ತುಂಡರಿಸುತ್ತದೆ.

ಇವುಗಳ ಮೇಲೆ ಅಧಿಕಾರ ನಡೆಸುವವು ರೋ ಕುಟುಂಬದ ಸಣ್ಣ ಪ್ರೋಟೀನುಗಳು. ಜಿಟಿಪಿ ಎಂಬ ಸಣ್ಣ ಅಣು ಅಂಟಿದಾಗ ಚಾಲೂ, ಅದರ ಒಂದು ಫಾಸ್ಫೇಟ್ ಕಳೆದ ರೂಪವಾದ ಜಿಡಿಪಿ ಅಂಟಿದಾಗ ಬಂದ್ ಎಂಬಂತೆ ಇವು ಸ್ವಿಚ್ಚಿನ ಹಾಗೆ ವರ್ತಿಸುತ್ತವೆ. ಸ್ವಿಚ್ ಒತ್ತುವ ಪ್ರೋಟೀನುಗಳಿಗೆ ಜಿಇಎಫ್ ಎಂದೂ ಆರಿಸುವವಕ್ಕೆ ಜಿಎಪಿ ಎಂದೂ ಹೆಸರು. 1992ರಲ್ಲಿ ಆ್ಯನ್ ರಿಡ್ಲಿ ಮತ್ತು ಅಲನ್ ಹಾಲ್ ಅವರು ಸಾಕಣೆಯ ಕೋಶಗಳಲ್ಲಿ ತೋರಿಸಿದಂತೆ ರೋ ಚಾಲೂ ಆದರೆ ಬಿಗಿಯುವ ಆ್ಯಕ್ಟಿನ್ ಕಟ್ಟುಗಳೂ, ರ‍್ಯಾಕ್ ಚಾಲೂ ಆದರೆ ಅಂಚಿನಲ್ಲಿ ಅಲೆಯಂಥ ತೆಳು ಹಾಳೆಗಳೂ ಮೂಡುತ್ತವೆ. ಸಿಡಿಸಿ42 ಬೆರಳಿನಂಥ ಚಾಚುಗಳನ್ನು ಹೊರಡಿಸುತ್ತದೆ ಎಂಬುದು ಅದಾದ ಮೂರು ವರ್ಷಕ್ಕೆ ಖಚಿತವಾಯಿತು. ಸದ್ಯಕ್ಕೆ ಇಷ್ಟು ಸಾಕು. ಇನ್ನುಳಿದ ಹೆಸರುಗಳು ಭ್ರೂಣದಲ್ಲಿ ಅವುಗಳ ಜಾಗ ಬಂದಾಗ ಬರಲಿ.

ತತ್ತಿ ಮತ್ತು ನಮ್ಮ ಬಿಸಿಲು

ಅಂಗಡಿಯ ಫಾರಂ ತತ್ತಿಗಳಿಂದ ಉಪಯೋಗವಿಲ್ಲ, ಏಕೆಂದರೆ ಆ ಕೋಳಿಗಳ ಜೊತೆ ಹುಂಜವಿರುವುದಿಲ್ಲ. ಹುಂಜವಿರುವ ಮನೆಯಿಂದ, ಅಂದೇ ಅಥವಾ ಹಿಂದಿನ ದಿನ ಇಟ್ಟ ಜವಾರಿ ತತ್ತಿಗಳನ್ನು ಕೇಳಿ ತರಬೇಕು. ವಾರದ ಸಂತೆಯಲ್ಲಿ ಕೊಂಡರೆ ಅವು ಎಂದು ಇಟ್ಟ ತತ್ತಿಗಳೆಂದು ಮಾರುವವರಿಗೂ ಗೊತ್ತಿರುವುದಿಲ್ಲ. ಎಲ್ಲವೂ ಫಲಿತವಾಗಿರುವುದಿಲ್ಲವಾದ್ದರಿಂದ ಬೇಕಾದದ್ದಕ್ಕಿಂತ ಅರ್ಧದಷ್ಟಾದರೂ ಹೆಚ್ಚು ತರುವುದು ಒಳ್ಳೆಯದು.

ಬಾಗಲಕೋಟೆ, ವಿಜಯಪುರದ ಕಡೆ ಎಲ್ಲಕ್ಕಿಂತ ದೊಡ್ಡ ತೊಡಕು ಉಷ್ಣತೆಯದು. ಕೋಳಿ ಭ್ರೂಣದ ಬೆಳವಣಿಗೆ ನಿಂತಿರಬೇಕಾದರೆ ತತ್ತಿಯು ಸುಮಾರು 20ರಿಂದ 24 ಡಿಗ್ರಿಗಿಂತ ತಂಪಾಗಿರಬೇಕು; ಅದಕ್ಕಿಂತ ಬೆಚ್ಚಗಾದರೆ ಕಾವು ಕೊಡದಿದ್ದರೂ ಭ್ರೂಣ ಅರೆಬರೆಯಾಗಿ ಬೆಳೆಯತೊಡಗುತ್ತದೆ. ನಾನು ಮೊದಲ ಸಲ ಈ ಪ್ರಯೋಗ ಮಾಡಿಸಿದ್ದು ಏಪ್ರಿಲ್ ತಿಂಗಳಲ್ಲಿ. ಎರಡು ದಿನ ಕೋಣೆಯ ಕಪಾಟಿನಲ್ಲಿದ್ದ ತತ್ತಿಗಳನ್ನು ಒಂದೇ ಹೊತ್ತಿಗೆ ಕಾವಿಗಿಟ್ಟು ಒಂದೇ ಹೊತ್ತಿಗೆ ಒಡೆದಾಗ ಒಂದರಲ್ಲಿ ನಾಲ್ಕು ಜೋಡಿ ಸೋಮೈಟ್ (ಭ್ರೂಣದ ನಡುಗೆರೆಯ ಎರಡೂ ಬದಿಗೆ ಜೋಡಿಜೋಡಿಯಾಗಿ ಮೂಡುವ ಅಂಗಾಂಶದ ಗಂಟುಗಳು), ಇನ್ನೊಂದರಲ್ಲಿ ಹದಿಮೂರು, ಮತ್ತೊಂದರಲ್ಲಿ ಸತ್ತ ಭ್ರೂಣ. ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು. ಅಂದಿನಿಂದ ಈ ಪ್ರಯೋಗವನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸುತ್ತೇನೆ. ಮಣ್ಣಿನ ಗಡಿಗೆಗೆ ಹಸಿ ಗೋಣಿತಾಟು ಸುತ್ತಿ, ಒಳಗೆ ಬತ್ತದ ಹೊಟ್ಟಿನ ಮೇಲೆ ತತ್ತಿ ಇಟ್ಟು, ಜೊತೆಗೊಂದು ಥರ್ಮಾಮೀಟರ್ ಇಟ್ಟರೆ ಚಳಿಗಾಲದ ಒಣಹವೆಯಲ್ಲಿ ಬೇಕಾದಷ್ಟು ತಂಪು ಸಿಗುತ್ತದೆ. 13ರಿಂದ 18 ಡಿಗ್ರಿ ಉತ್ತಮ. ಫ್ರಿಜ್ಜಿನ ತೀರ ತಣ್ಣನೆಯ ಅರೆಯಲ್ಲಿ ಇಟ್ಟರೆ ಭ್ರೂಣ ಸಾಯುವ ಸಂಭವ ಹೆಚ್ಚು. ಒಂದು ವಾರಕ್ಕಿಂತ ಹಳೆಯ ತತ್ತಿಯನ್ನು ಬಳಸಬೇಡಿ.

ಪ್ರಯೋಗಕ್ಕೆ ಮುನ್ನ ಕಾಲೇಜಿನ ಸಂಬಂಧಪಟ್ಟ ಸಮಿತಿಯ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ, ಮತ್ತು 72 ತಾಸಿಗಿಂತ ಮುಂದೆ ಯಾವ ಭ್ರೂಣವನ್ನೂ ಬೆಳೆಸಬೇಡಿ. ಈ ಪಾಠಕ್ಕೆ ಅದರಾಚೆಯ ಹಂತಗಳ ಅಗತ್ಯವಿಲ್ಲ.

ಕಾವಿನ ಲೆಕ್ಕ

ಇನ್‌ಕ್ಯುಬೇಟರನ್ನು 37.5ರಿಂದ 38 ಡಿಗ್ರಿಯಲ್ಲಿರಿಸಿ, ಒಳಗೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಬೇಕು. ತತ್ತಿಗಳನ್ನು ಅಡ್ಡವಾಗಿ ಮಲಗಿಸಿ ಮೇಲ್ಮೈಗೆ ಪೆನ್ಸಿಲಿನಿಂದ ಗುರುತು ಹಾಕಿದರೆ ಭ್ರೂಣ ಆ ಗುರುತಿನ ಕೆಳಗೇ ತೇಲಿ ನಿಲ್ಲುತ್ತದೆ. ಶನಿವಾರ ಬೆಳಗಿನ 11 ಗಂಟೆಗೆ ಪ್ರಯೋಗವಿದೆ ಎಂದಿಟ್ಟುಕೊಂಡರೆ, 72 ತಾಸಿನ ತತ್ತಿಯನ್ನು ಬುಧವಾರ 11ಕ್ಕೆ, 48 ತಾಸಿನದನ್ನು ಗುರುವಾರ 11ಕ್ಕೆ, 30 ತಾಸಿನದನ್ನು ಶುಕ್ರವಾರ ನಸುಕಿನ 5ಕ್ಕೆ, 18 ತಾಸಿನದನ್ನು ಅದೇ ದಿನ ಸಂಜೆ 5ಕ್ಕೆ ಇಡಬೇಕಾಗುತ್ತದೆ. ನಸುಕಿನಲ್ಲಿ ಕಾಲೇಜಿಗೆ ಬಂದು ತತ್ತಿ ಇಡಲು ಒಪ್ಪುವ ವಿದ್ಯಾರ್ಥಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕರೆಂಟು ಹೋದರೆ ಲೆಕ್ಕ ಹಿಂದೆ ಬೀಳುತ್ತದೆ. ಆದ್ದರಿಂದ ಎಷ್ಟು ತಾಸು ಕಾವು ಕೊಟ್ಟಿದ್ದೀರಿ ಎಂಬುದನ್ನು ನಂಬದೆ ಭ್ರೂಣದ ಸೋಮೈಟ್ ಜೋಡಿಗಳನ್ನು ಎಣಿಸಿ ಹಂತವನ್ನು ನಿರ್ಧರಿಸಿ. ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಪ್ರಕಟಿಸಿದ ಹಂತಪಟ್ಟಿಯನ್ನು ಇಂದಿಗೂ ಎಲ್ಲರೂ ಅನುಸರಿಸುತ್ತಾರೆ: ನಾಲ್ಕು ಜೋಡಿ ಸೋಮೈಟ್ ಕಂಡರೆ ಎಂಟನೆಯ ಹಂತ, ಏಳು ಕಂಡರೆ ಒಂಬತ್ತನೆಯದು, ಹತ್ತು ಕಂಡರೆ ಹತ್ತನೆಯದು.

ಭ್ರೂಣವನ್ನು ಹೊರತೆಗೆಯುವುದು

ಒಂದು ಲೀಟರ್ ಶುದ್ಧ ನೀರಿಗೆ 7.2 ಗ್ರಾಂ ಸೋಡಿಯಂ ಕ್ಲೋರೈಡ್, 0.37 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 0.23 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಕರಗಿಸಿ, 38 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟುಕೊಳ್ಳಿ. ಇದೇ ನಮ್ಮ ಸಲೈನ್. ಗುರುತಿರುವ ಮೈ ಮೇಲೆ ಬರುವಂತೆ ತತ್ತಿಯನ್ನು ಹಿಡಿದು, ಅಡಿಯ ಚಿಪ್ಪನ್ನು ಬಟ್ಟಲಿನ ಅಂಚಿಗೆ ತಟ್ಟಿ, ಬಟ್ಟಲಿನೊಳಗೆ ಮೆಲ್ಲಗೆ ಬಿಡಿಸಿ. ಹಳದಿಯ ಮೇಲೆ ಭ್ರೂಣದ ತಟ್ಟೆ ಕಾಣುತ್ತದೆ. ಅದರ ಮೇಲಿನ ದಪ್ಪ ಲೋಳೆಯನ್ನು ಟಿಶ್ಯೂ ಕಾಗದದ ತುದಿಯಿಂದ ಬದಿಗೆ ಸರಿಸದಿದ್ದರೆ ಮುಂದಿನ ಕೆಲಸ ಕೆಡುತ್ತದೆ.

ಎರಡು ಸೆಂಟಿಮೀಟರ್ ಚೌಕದ ಫಿಲ್ಟರ್ ಕಾಗದದ ನಡುವೆ ಒಂದು ಸೆಂಟಿಮೀಟರ್ ತೂತು ಮಾಡಿ, ಭ್ರೂಣ ತೂತಿನ ಮಧ್ಯಕ್ಕೆ ಬರುವಂತೆ ಹಳದಿಯ ಪೊರೆಯ ಮೇಲೆ ಮಲಗಿಸಿ. ಕಾಗದ ಒದ್ದೆಯಾಗಿ ಪೊರೆಗೆ ಹತ್ತಿಕೊಂಡ ಮೇಲೆ ಅದರ ಹೊರ ಅಂಚಿನ ಸುತ್ತ ಸಣ್ಣ ಕತ್ತರಿಯಿಂದ ಕತ್ತರಿಸಿ, ಚಿಮಟದಿಂದ ಒಂದು ಮೂಲೆ ಹಿಡಿದು ಓರೆಯಾಗಿ ಎತ್ತಿ ಬೆಚ್ಚನೆಯ ಸಲೈನಿಗೆ ಬಿಡಿ. ಹಳದಿ ತೊಳೆದುಹೋದಾಗ ವಾಚ್ ಗ್ಲಾಸಿಗೆ ಸರಿಸಿ, ತೀರ ತೆಳುವಾದ ನ್ಯೂಟ್ರಲ್ ರೆಡ್ ಒಂದೆರಡು ಹನಿ ಹಾಕಿ, ಅತಿ ಕಡಿಮೆ ವರ್ಧನೆಯ ಲೆನ್ಸಿನಲ್ಲಿ ನೋಡಬೇಕು. ಕೆಲಸ ಮುಗಿದ ಮೇಲೆ ಕೈಗಳನ್ನೂ ಮೇಜನ್ನೂ ಸೋಪಿನಿಂದ ತೊಳೆಯುವುದು ಕಡ್ಡಾಯ. ಹಸಿ ತತ್ತಿಯಲ್ಲಿ ಸಾಲ್ಮೊನೆಲ್ಲಾ ಇರಬಹುದು.

ಮೂವತ್ತು ತಾಸಿನ ಭ್ರೂಣದ ಮುಂದೆ ಹೆಚ್ಚು ಹೊತ್ತು ಕೂರಿ

ಎಲ್ಲ ಹಂತಗಳಿಗೂ ಸಮನಾಗಿ ಸಮಯ ಹಂಚಬೇಡಿ. ನಾಲ್ಕರಿಂದ ಏಳು ಸೋಮೈಟಿನ ಭ್ರೂಣವೊಂದೇ ಇಡೀ ಪಾಠಕ್ಕೆ ಸಾಲುವಷ್ಟು ತುಂಬಿದೆ. ಮೆದುಳು, ಬೆನ್ನುಹುರಿಯಾಗಲಿರುವ ಚಪ್ಪಟೆ ಹಾಳೆಗೆ ನರಫಲಕ ಎಂದು ಹೆಸರು; ಅದರ ಎರಡು ಬದಿಗಳು ನರಮಡಿಕೆಗಳಾಗಿ ಎದ್ದು, ಕೂಡಿಕೊಂಡು, ನರನಾಳವೆಂಬ ಕೊಳವೆಯಾಗುತ್ತವೆ. ಮೆದುಳಿನ ನಡುಭಾಗದಲ್ಲಿ ಎರಡು ನರಮಡಿಕೆಗಳು ಒಂದನ್ನೊಂದು ಮುಟ್ಟಿರುತ್ತವೆ, ಹಿಂಬದಿಯಲ್ಲಿ ಇನ್ನೂ ತೆರೆದಿರುತ್ತವೆ. ಅಂದರೆ ಮಡಚಿ ಮುಗಿದ ಭಾಗ, ಮಡಚುತ್ತಿರುವ ಭಾಗ, ಇನ್ನೂ ಚಪ್ಪಟೆಯಾಗಿರುವ ನರಫಲಕ ಇವು ಮೂರೂ ಒಂದೇ ಭ್ರೂಣದಲ್ಲಿ ತಲೆಯಿಂದ ಬಾಲದ ಕಡೆಗೆ ಸಾಲಾಗಿ ಸಿಗುತ್ತವೆ. ಮೊದಲು ಇದನ್ನು ಪೆನ್ಸಿಲಿನಲ್ಲಿ ಚಿತ್ರಿಸಬೇಕು. ಮೊಬೈಲಿನಲ್ಲಿ ಫೋಟೋ ತೆಗೆದವರು ನೋಡಿರುವುದಿಲ್ಲ, ತೆಗೆದಿರುತ್ತಾರೆ ಅಷ್ಟೆ.

ಈಗ ಎರಡನೆಯ ಪ್ರಶ್ನೆ: ಚಪ್ಪಟೆ ಹಾಳೆ ಮಡಚಬೇಕಾದರೆ ಅದರ ಕೋಶಗಳಿಗೆ ಏನಾಗಿರಬೇಕು? ಇದನ್ನು ಕೈಯಿಂದ ಮಾಡಿ ತಿಳಿಯಲು ಹಳೆಯ ಕೌದಿಯ ಒಂದು ತುಂಡು ಸಾಕು. ಎಲ್ಲ ಪದರಗಳನ್ನೂ ದಾಟಿ ದಾರ ಹಾಕಿ ಎಳೆದರೆ ಕೌದಿ ಸುಮ್ಮನೆ ಮುದುಡುತ್ತದೆ. ಮೇಲಿನ ಒಂದೇ ಪದರಕ್ಕೆ ದಾರ ಪೋಣಿಸಿ, ಲಾಡಿ ಎಳೆದಂತೆ ಎಳೆದರೆ ಮೇಲ್ಮೈ ಕುಗ್ಗಿ, ಕೆಳಮೈ ಹಾಗೆಯೇ ಉಳಿದು, ಕೌದಿ ಮೇಲಕ್ಕೆ ಬಾಗುತ್ತದೆ. ನರಫಲಕದ ಕೋಶಗಳೂ ಹೀಗೆಯೇ ಮೇಲ್ತುದಿಯನ್ನು ಬಿಗಿದುಕೊಂಡು ಬೆಣೆಯ ಆಕಾರ ತಾಳುತ್ತವೆ.

ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿಂದ ಸುಲಭವಾಗುತ್ತದೆ: ಲಾಡಿಯ ಜಾಗದಲ್ಲಿರುವುದು ಕೋಶದ ಮೇಲಂಚಿನ ಆ್ಯಕ್ಟಿನ್ ಪಟ್ಟಿ, ಎಳೆಯುವ ಕೈ ಮಯೋಸಿನ್. ನಾಲ್ಕನೆಯದಕ್ಕೆ ಬಂದಾಗ ಶ್ರೂಮ್3 ಎಂಬ ಪ್ರೋಟೀನನ್ನು ಪರಿಚಯಿಸಬೇಕು. ಇದು ಆ್ಯಕ್ಟಿನ್ನಿಗೆ ಅಂಟಿ, ರೋನ ಆಜ್ಞೆಯನ್ನು ಪಾಲಿಸುವ ರಾಕ್ (ಮೇಲೆ ಹೇಳಿದ ರ‍್ಯಾಕ್ ಬೇರೆ) ಎಂಬ ಕಿಣ್ವವನ್ನು ಕೋಶದ ಮೇಲಂಚಿಗೆ ಕರೆತರುತ್ತದೆ. ರಾಕ್ ಮಯೋಸಿನ್ನಿಗೆ ಫಾಸ್ಫೇಟ್ ಸೇರಿಸಿ ಎಳೆತವನ್ನು ಶುರುಮಾಡುತ್ತದೆ. 1999ರಲ್ಲಿ ಈ ಜೀನು ಕೆಟ್ಟ ಇಲಿಗಳನ್ನು ವರ್ಣಿಸಿದಾಗ ಅವುಗಳ ತಲೆಯ ನರಮಡಿಕೆಗಳು ಮುಚ್ಚಿಕೊಳ್ಳದೆ ಅಣಬೆಯ ಕೊಡೆಯಂತೆ ಹೊರಕ್ಕೆ ಬಿಚ್ಚಿಕೊಂಡಿದ್ದವು, ಹೆಸರು ಬಂದದ್ದು ಆ ಅಣಬೆಯಿಂದಲೇ. 2003ರಲ್ಲಿ ಕಪ್ಪೆಯ ಭ್ರೂಣದಲ್ಲಿ ನಡೆದ ಪ್ರಯೋಗ ಇನ್ನೂ ಮುಖ್ಯವಾದುದು: ಸಾಮಾನ್ಯವಾಗಿ ಬಾಗದ ಹೊದಿಕೆಯ ಕೋಶಗಳಿಗೆ ಶ್ರೂಮ್ ಒದಗಿಸಿದಾಗ ಅವೂ ಮೇಲ್ತುದಿಯನ್ನು ಬಿಗಿದುಕೊಂಡವು.

ಜಾಣ ವಿದ್ಯಾರ್ಥಿಯೊಬ್ಬರು ಇಲ್ಲಿ ಒಂದು ಆಕ್ಷೇಪ ಎತ್ತಬೇಕು, ಎತ್ತದಿದ್ದರೆ ನೀವೇ ಎತ್ತಿ. ಕೋಶಗಳು ಎಲ್ಲ ದಿಕ್ಕಿನಿಂದಲೂ ಬಿಗಿದುಕೊಂಡರೆ ಹಾಳೆ ಬಟ್ಟಲಾಗಬೇಕಲ್ಲ, ಕೊಳವೆ ಹೇಗಾಯಿತು? ಮತ್ತೆ ಕೌದಿಗೆ ಬನ್ನಿ. ಉದ್ದ ಅಗಲ ಎರಡೂ ಕಡೆ ದಾರ ಹಾಕಿ ಎಳೆದರೆ ಬಟ್ಟಲೇ ಆಗುತ್ತದೆ. ಎಡದಿಂದ ಬಲಕ್ಕೆ ಮಾತ್ರ ಸಾಲುಸಾಲಾಗಿ ದಾರ ಹಾಕಿ ಎಳೆದರೆ ಉದ್ದನೆಯ ತೊಟ್ಟಿಯಂಥ ಮಡಿಕೆ ಬರುತ್ತದೆ. ಕೋಳಿಯ ನರಫಲಕದಲ್ಲಿಯೂ ಎಳೆತ ಒಂದೇ ದಿಕ್ಕಿಗೆ ಹೆಚ್ಚಾಗಿರುವುದನ್ನು 2012ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅಂಗಾಂಶದ ದಿಕ್ಕನ್ನು ಗುರುತಿಸುವ ಸೆಲ್ಸರ್1 ಎಂಬ ಪ್ರೋಟೀನು ಕೋಶಗಳ ಕೆಲವು ಅಂಚುಗಳಲ್ಲಿ ಮಾತ್ರ ನೆಲೆಸಿ, ಡಾಮ್1 ಎಂಬ ಫಾರ್ಮಿನ್ ಹಾಗೂ ರೋ ಸ್ವಿಚ್ ಒತ್ತುವ ಒಂದು ಜಿಇಎಫ್ ಮೂಲಕ, ಅಡ್ಡ ದಿಕ್ಕಿನ ಅಂಚುಗಳಲ್ಲಷ್ಟೇ ಮಯೋಸಿನ್ ಎಳೆಯುವಂತೆ ಮಾಡುತ್ತದೆ. ಎಳೆಯುವ ಬಲ ಎಷ್ಟೇ ಇದ್ದರೂ ದಿಕ್ಕು ಹೇಳುವವರಿಲ್ಲದೆ ಕೊಳವೆ ಆಗುವುದಿಲ್ಲ.

ಮನುಷ್ಯ ಭ್ರೂಣದಲ್ಲಿ ಈ ಕೊಳವೆ ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ, ಎಷ್ಟೋ ಬಾರಿ ತಾಯಿಗೆ ಬಸಿರಿನ ಅರಿವಾಗುವ ಮೊದಲೇ, ಮುಚ್ಚಿ ಮುಗಿದಿರುತ್ತದೆ. ಮಗು ಬಯಸುವ ಮಹಿಳೆಯರು ಕೊಳವೆ ಮುಚ್ಚದೆ ಉಳಿಯುವ ಅಪಾಯ ತಗ್ಗಿಸಲು ಬಸಿರಾಗುವ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಇದನ್ನು ತರಗತಿಯಲ್ಲಿ ಹೇಳಲೇಬೇಕು. ಆದರೆ ಫೋಲಿಕ್ ಆಮ್ಲವು ಶ್ರೂಮ್ ಮೂಲಕ ಕೆಲಸ ಮಾಡುತ್ತದೆ ಎಂದು ಯಾರೂ ಬರೆದುಕೊಳ್ಳದಂತೆ ನೋಡಿಕೊಳ್ಳಿ. ಎರಡೂ ಒಂದೇ ಪಾಠದಲ್ಲಿ ಬಂದವು ಎಂಬ ಕಾರಣಕ್ಕೆ ಒಂದಕ್ಕೊಂದು ಗಂಟು ಹಾಕುವ ಚಾಳಿ ನಮ್ಮ ಟಿಪ್ಪಣಿಗಳಲ್ಲಿ ಬಹಳ.

ಉಳಿದ ಹಂತಗಳು

18 ತಾಸಿನ ಭ್ರೂಣದಲ್ಲಿ ಆದಿರೇಖೆ, ಅಂದರೆ ಭ್ರೂಣದ ತಟ್ಟೆಯ ನಡುವೆ ಮೂಡುವ ಉದ್ದನೆಯ ಗೆರೆ, ಕಾಣುತ್ತದೆ. ಮೇಲಿನ ಪದರದ ಕೋಶಗಳು ಇಲ್ಲಿ ಸಾಲು ಬಿಟ್ಟು ಒಳಕ್ಕೆ ಇಳಿಯುತ್ತವೆ. ಇಳಿಯಬೇಕಾದರೆ ಕೆಳಗಿನ ಆಧಾರಪೊರೆ ಮೊದಲು ಹರಿಯಬೇಕು. ಕೋಶದ ಬುಡದಲ್ಲಿ ರೋಎ (ಮೇಲೆ ರೋ ಎಂದದ್ದು ಇದನ್ನೇ) ಚಟುವಟಿಕೆ ಕಡಿಮೆಯಾದಾಗ ಅಲ್ಲಿನ ಮೈಕ್ರೋಟ್ಯೂಬ್ಯೂಲುಗಳು ಅಸ್ಥಿರವಾಗಿ ಪೊರೆ ಒಡೆಯುತ್ತದೆ ಎಂಬುದು ಕೋಳಿ ಭ್ರೂಣದಲ್ಲಿಯೇ 2008ರಲ್ಲಿ ಗೊತ್ತಾಯಿತು. ನರಫಲಕದಲ್ಲಿ ರೋ ಚಾಲೂ ಆಗುವುದರಿಂದ ಮಡಿಕೆ ಬಂದರೆ, ಆದಿರೇಖೆಯಲ್ಲಿ ಅದು ಆರುವುದರಿಂದ ದಾರಿ ತೆರೆಯುತ್ತದೆ. ಈ ಎರಡನ್ನೂ ಅಕ್ಕಪಕ್ಕದಲ್ಲಿ ಬರೆಸಿ.

48 ತಾಸಿನದರಲ್ಲಿ ಸೋಮೈಟ್‌ಗಳ ಸಾಲು ನಿಚ್ಚಳವಾಗಿರುತ್ತದೆ. ಪ್ರತಿ ಸೋಮೈಟ್‌ನ ಹೊರಕೋಶಗಳು ಒತ್ತಾಗಿ ಸೇರಿ ಹೊದಿಕೆಯಾಗುತ್ತವೆ, ಒಳಗಿನವು ಸಡಿಲವಾಗಿ ಉಳಿಯುತ್ತವೆ. ಸಿಡಿಸಿ42ರ ಚಟುವಟಿಕೆ ತಗ್ಗಿದ ಕೋಶಗಳು ಹೊದಿಕೆಗೆ ಸೇರುತ್ತವೆ, ಹೆಚ್ಚಿರುವವು ಸಡಿಲವಾಗಿಯೇ ಇರುತ್ತವೆ ಎಂದು 2004ರ ಪ್ರಯೋಗಗಳು ಕೋಳಿಯಲ್ಲಿ ತೋರಿಸಿವೆ.

ಈ ಹೊತ್ತಿಗೆ ಹೃದಯ ಮಿಡಿಯುತ್ತಿರುತ್ತದೆ, ಮತ್ತು ನೇರ ಕೊಳವೆಯಾಗಿದ್ದದ್ದು ಭ್ರೂಣದ ಬಲಬದಿಗೆ ಬಳುಕಿರುತ್ತದೆ. ಆ್ಯಕ್ಟಿನ್ ಕಟ್ಟಿಕೊಳ್ಳುವುದನ್ನು ತಡೆದರೆ ಈ ಬಳುಕು ನಿಲ್ಲುತ್ತದೆ. ವಿದ್ಯಾರ್ಥಿಗಳು ಮಿಡಿತವನ್ನು ನೋಡಿ ಬೆರಗಾಗಿ ಬಳುಕನ್ನು ಮರೆಯುತ್ತಾರೆ. ಅದನ್ನು ಬೆರಳಿಟ್ಟು ತೋರಿಸಬೇಕಾಗುತ್ತದೆ.

72 ತಾಸಿನದರಲ್ಲಿ ಕಾಲು ರೆಕ್ಕೆಗಳ ಮೊಗ್ಗುಗಳು ಕಾಣುತ್ತವೆ. ನರಕೋಶಗಳ ಎಳೆಗಳು ಹೊರಡುವ ಕಾಲವಿದು, ನಮ್ಮ ಲೆನ್ಸಿಗೆ ಅವು ದಕ್ಕುವುದಿಲ್ಲ. ಆ ಎಳೆಗಳ ತುದಿಯಲ್ಲಿರುವ ಬೆಳೆಯುವ ಶಂಕುವನ್ನು ಸ್ಪೇನಿನ ವಿಜ್ಞಾನಿ ಕಹಾಲ್ 1890ರಲ್ಲಿ ಮೊದಲು ವರ್ಣಿಸಿದ್ದು ಇಂಥದೇ ಕೋಳಿ ಭ್ರೂಣದಲ್ಲಿ.

ಸಾಕ್ಷ್ಯವನ್ನು ತೂಗುವುದು

ಒಂದು ಪ್ರೋಟೀನ್ ಮಡಿಕೆಯ ಜಾಗದಲ್ಲಿದೆ ಎಂದ ಮಾತ್ರಕ್ಕೆ ಮಡಿಕೆಗೆ ಅದೇ ಕಾರಣವೆನ್ನಲಾಗದು. ಯಾವ ಸಂಶೋಧನೆಯನ್ನು ಓದಿದರೂ ಮೂರು ಸಂಗತಿಗಳನ್ನು ಕೇಳಬೇಕು: ಪ್ರೋಟೀನ್ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿನಲ್ಲಿ ಇದೆಯೇ, ಅದನ್ನು ತೆಗೆದರೆ ರೂಪ ಕೆಡುತ್ತದೆಯೇ, ಅದನ್ನು ಬೇರೆ ಕಡೆ ಚಾಲೂ ಮಾಡಿದರೆ ಅಲ್ಲಿಯೂ ಅದೇ ರೂಪ ಬರುತ್ತದೆಯೇ. ಮೂರನೆಯದು ಅತ್ಯಂತ ಕಠಿಣ ಪರೀಕ್ಷೆ. ಮೇಲೆ ಹೇಳಿದ ಕಪ್ಪೆಯ ಪ್ರಯೋಗ ಇಂಥದು. 2018ರಲ್ಲಿ ಹಣ್ಣಿನ ನೊಣದ ಭ್ರೂಣದಲ್ಲಿ, ಎಂದೂ ಮಡಚದ ಬೆನ್ನಿನ ಅಂಗಾಂಶದ ಮೇಲೆ ಬೆಳಕು ಬಿಟ್ಟು ರೋ ಸ್ವಿಚ್ಚನ್ನು ಒತ್ತಿಸಿ ಮಡಿಕೆ ಬರಿಸಿದ್ದೂ ಇದೇ ಬಗೆಯದು.

ಔಷಧಗಳ ಸಾಕ್ಷ್ಯವನ್ನು ಎಚ್ಚರದಿಂದ ಸ್ವೀಕರಿಸಬೇಕು. ಆ್ಯಕ್ಟಿನ್ ಕಟ್ಟಿಕೊಳ್ಳುವುದನ್ನು ತಡೆಯುವ ಸೈಟೊಕಲಾಸಿನ್ ಹಾಕಿದ ಭ್ರೂಣದಲ್ಲಿ ನರನಾಳ ಮುಚ್ಚುವುದಿಲ್ಲ ಎಂಬುದು ನಿಜ. ಆದರೆ ಆ ವಿಷ ಕೋಶ ವಿಭಜನೆಯನ್ನೂ ಕೋಶಗಳ ಚಲನೆಯನ್ನೂ ಒಟ್ಟಿಗೆ ಕೆಡಿಸುವುದರಿಂದ ಯಾವುದರಿಂದ ಏನಾಯಿತು ಎಂದು ಬಿಡಿಸಿ ಹೇಳಲಾಗದು. ಇಂಥ ರಾಸಾಯನಿಕಗಳನ್ನು ಪದವಿ ತರಗತಿಯಲ್ಲಿ ಬಳಸಬೇಡಿ. ಅಗ್ನಿಶಿಖೆಯ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಮೈಕ್ರೋಟ್ಯೂಬ್ಯೂಲುಗಳನ್ನು ತಡೆಯುತ್ತದೆ ಎಂದು ಓದಿ ಗೆಡ್ಡೆ ಅಗೆದು ತಂದವರನ್ನು ಬಲ್ಲೆ. ಅದು ಪ್ರಾಣ ತೆಗೆಯುವ ವಿಷ. ಮೈಕ್ರೋಟ್ಯೂಬ್ಯೂಲ್ ತಡೆದಾಗ ಆಗುವುದನ್ನು ನೋಡಲೇಬೇಕೆಂದರೆ, ಉಳ್ಳಾಗಡ್ಡಿಯ ಬೇರಿನ ತುದಿಯನ್ನು ಪ್ಯಾರಾಡೈಕ್ಲೋರೋಬೆಂಜೀನ್ ದ್ರಾವಣದಲ್ಲಿ ಮೂರು ತಾಸು ಇಟ್ಟು, ನಿಮ್ಮ ಎಂದಿನ ಪದ್ಧತಿಯಲ್ಲಿ ಬಣ್ಣ ಹಾಕಿ ನೋಡಿ: ಕದಿರು ಕಟ್ಟಲಾಗದೆ ವಿಭಜನೆಯ ನಡುವಿನಲ್ಲಿಯೇ ನಿಂತ ಕೋಶಗಳು ಸಾಲುಗಟ್ಟಿರುತ್ತವೆ.

ಬೇಸಿಗೆಗೆ ಒಂದು ಕೆಲಸ: ಬಸವನಹುಳುವಿನ ಚಿಪ್ಪು

ತತ್ತಿಯ ಪ್ರಯೋಗ ಸಾಧ್ಯವಿಲ್ಲದ ತಿಂಗಳುಗಳಲ್ಲಿ ಆಲಮಟ್ಟಿಯ ಹಿನ್ನೀರು ಇಳಿಯುತ್ತದೆ, ದಂಡೆಯಲ್ಲಿ ಬಸವನಹುಳುಗಳ ಖಾಲಿ ಚಿಪ್ಪುಗಳು ಸಿಗುತ್ತವೆ. ಸುರುಳಿ ಎತ್ತರಕ್ಕೆ ಏರಿರುವ ಚಿಪ್ಪನ್ನು ತುದಿ ಮೇಲಾಗಿ, ಬಾಯಿ ನಿಮ್ಮ ಕಡೆಗಾಗಿ ಹಿಡಿಯಿರಿ. ಬಾಯಿ ಬಲಕ್ಕಿದ್ದರೆ ಬಲಸುರುಳಿ, ಎಡಕ್ಕಿದ್ದರೆ ಎಡಸುರುಳಿ. ಬಿಲ್ಲೆಯಂತೆ ಚಪ್ಪಟೆಯಾಗಿರುವ ಚಿಪ್ಪುಗಳು ಈ ವಿಧಾನಕ್ಕೆ ಮೋಸ ಮಾಡುತ್ತವೆ, ಅವುಗಳನ್ನು ಬದಿಗಿಡಿ. ಉಳಿದವನ್ನು ಜಾತಿವಾರು ಬೇರ್ಪಡಿಸಿ ಎಣಿಸಿದರೆ ಹೆಚ್ಚಿನವು ಬಲಸುರುಳಿಯೇ ಆಗಿರುತ್ತವೆ.

ಈ ಎಡಬಲವೂ ಒಂದು ಕೋಶಪಂಜರ ನಿಯಂತ್ರಕನ ಕೆಲಸ. ಲಿಮ್ನಿಯಾ ಸ್ಟಾಗ್ನಾಲಿಸ್ ಎಂಬ ಸಿಹಿನೀರಿನ ಬಸವನಹುಳುವಿನಲ್ಲಿ ಇದಕ್ಕೆ ಕಾರಣವಾದ ಜೀನು ಒಂದು ಫಾರ್ಮಿನ್ನಿನದು ಎಂದು 2016ರಲ್ಲಿ ತಿಳಿಯಿತು. 2019ರಲ್ಲಿ ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದಿಂದ ಅದನ್ನು ಕೆಡಿಸಿದಾಗ ಬಲಸುರುಳಿಯ ವಂಶದಲ್ಲಿ ಎಡಸುರುಳಿಯ ಮರಿಗಳು ಹುಟ್ಟಿದವು. ಚಿಪ್ಪು ಮೂಡುವುದಕ್ಕೆ ಬಹಳ ಮೊದಲೇ, ನಾಲ್ಕು ಕೋಶಗಳು ಎಂಟಾಗುವ ಹೊತ್ತಿಗೆ, ಮೇಲಿನ ಕೋಶಗಳು ಕೆಳಗಿನವುಗಳ ಮೇಲೆ ಯಾವ ಕಡೆಗೆ ಹೊರಳಿ ಕೂರುತ್ತವೆ ಎಂಬುದರಲ್ಲಿ ಈ ದಿಕ್ಕು ಎದ್ದು ಕಾಣುತ್ತದೆ.

ಎಣಿಕೆಯ ಹಾಳೆಯಲ್ಲಿ ಒಂದು ಸಂಗತಿಯನ್ನು ತಪ್ಪದೆ ಬರೆಸಿ. ತತ್ತಿಯಲ್ಲಿರುವ ಈ ಫಾರ್ಮಿನ್ ತಾಯಿ ತುಂಬಿಕೊಟ್ಟದ್ದು. ಆದ್ದರಿಂದ ನಿಮ್ಮ ಕೈಯಲ್ಲಿರುವ ಚಿಪ್ಪಿನ ಸುರುಳಿ ಆ ಹುಳುವಿನ ಸ್ವಂತ ಜೀನುಗಳನ್ನು ತಿಳಿಸುವುದಿಲ್ಲ, ಅದರ ತಾಯಿಯ ಜೀನುಗಳನ್ನು ತಿಳಿಸುತ್ತದೆ.